ಹಿಂಬಾಗಿಲ ಮಡಚು ಸೀಟು

ಆ ಮನೆಯಲ್ಲಿ ವಾರಕ್ಕೆ ಐದು ದಿನ ಸಾಮ್ರಾಜ್ಯ, ಎರಡು ದಿನ ಸಂಸಾರ. ಸಾಮ್ರಾಜ್ಯವನ್ನು ಆಳುತ್ತಿದ್ದವಳು ಟೈಲರಮ್ಮ. ಸಂಸಾರವನ್ನು ಆಳುತ್ತಿದ್ದವನು ಅವಳ ಗಂಡ, ವಿಮಾನ ಕಂಪನಿಯ ಮೆಕ್ಯಾನಿಕ್. ಎರಡು ರಾಜ್ಯಗಳ ಗಡಿ ಶುಕ್ರವಾರ ಸಂಜೆ ಏಳು ಇಪ್ಪತ್ತಕ್ಕೆ ಬೀಳುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಕರೆಗಂಟೆ ಒತ್ತಿ ಒಳಗೆ ಬರುವ ಮೆಕ್ಯಾನಿಕ್ಕಿಗೆ ತಾನು ಗಡಿ ದಾಟಿದ್ದು ಗೊತ್ತಿರಲಿಲ್ಲ. ಗಡಿಯಾಚೆ ಒಂದು ರಾಜ್ಯವಿದೆ ಎಂಬ ಗುಮಾನಿಯೂ ಇರಲಿಲ್ಲ.

ಸೋಮವಾರದಿಂದ ಶುಕ್ರವಾರ ಮಧ್ಯಾಹ್ನದವರೆಗೆ ಮುಂಗೋಣೆಯಲ್ಲಿ ನಾಲ್ಕು ಹೊಲಿಗೆ ಯಂತ್ರಗಳು ಗುಡುಗುತ್ತಿದ್ದವು. ಊಟದ ಮೇಜು ಬಟ್ಟೆ ಕತ್ತರಿಸುವ ಮೇಜಾಗುತ್ತಿತ್ತು, ಸೋಫಾ ಆಸ್ಪತ್ರೆ ಕೋಟುಗಳ ರಾಶಿಯಾಗುತ್ತಿತ್ತು, ಪುಸ್ತಕದ ಕಪಾಟು ನೂಲುಂಡೆಗಳ ಉಗ್ರಾಣವಾಗುತ್ತಿತ್ತು. ಟೈಲರಮ್ಮ ಕುತ್ತಿಗೆಗೆ ಅಳತೆ ಪಟ್ಟಿ ಹಾಕಿಕೊಂಡು, ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಆಜ್ಞೆ ಹೊರಡಿಸುತ್ತಿದ್ದಳು. ಪಿನ್ನುಗಳ ಸಂದಿಯಿಂದ ಹೊರಬಿದ್ದ ಮಾತಿಗೆ ಎದುರಾಡುವ ಗಂಡೆದೆ ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಮೂರು ಶಾಲೆಗಳ ಸಮವಸ್ತ್ರ, ಒಂದು ಆಸ್ಪತ್ರೆಯ ಕೋಟು, ಒಂದು ಹೋಟೆಲಿನ ಮಾಣಿಗಳ ಜಾಕೀಟು, ಇಷ್ಟು ಪ್ರಾಂತ್ಯಗಳು ಅವಳ ವಶದಲ್ಲಿದ್ದವು.

ಸೈನ್ಯದಲ್ಲಿ ಇಬ್ಬರೇ. ಒಬ್ಬಳು ಗುಂಡಿಮನೆ ಹೊಲಿಯುವುದರಲ್ಲಿ ನಿಸ್ಸೀಮಳಾಗಿ ಕಾಜಾ ಎಂದೇ ಹೆಸರಾದವಳು. ಸೂಜಿಗಿಂತ ನಾಲಿಗೆ ಚೂಪು. ಇನ್ನೊಬ್ಬಳು ಟೈಲರಮ್ಮನ ಅತ್ತೆ, ಅಂದರೆ ಮೆಕ್ಯಾನಿಕ್ಕನ್ನು ಹೆತ್ತ ತಾಯಿ. ಎಪ್ಪತ್ತೆಂಟು ವರ್ಷ, ಎರಡು ಕಣ್ಣಿಗೂ ಆಪರೇಷನ್ ಆಗಿ ಹದ್ದಿನ ದೃಷ್ಟಿ. ಸಿದ್ಧವಾದ ಬಟ್ಟೆಯನ್ನು ತಿರುವಿ ನೋಡಿ ತಪ್ಪು ಹಿಡಿಯುವುದು ಅವಳ ಖಾತೆ. ಸೊಸೆಯಲ್ಲಿ ತಪ್ಪು ಹಿಡಿಯಲು ಜೀವಮಾನವಿಡೀ ಸಾಣೆ ಹಿಡಿದಿಟ್ಟ ಪ್ರತಿಭೆ ಹೀಗೆ ಸಂಬಳದ ಕೆಲಸವಾಗಿ ಒದಗಿಬಂದದ್ದರಿಂದ ಅತ್ತೆ ಸೊಸೆಯರಲ್ಲಿ ಈಗ ಜಗಳಕ್ಕೆ ಪುರಸೊತ್ತೇ ಇರಲಿಲ್ಲ.

ಈ ಸಾಮ್ರಾಜ್ಯ ನಿಂತಿದ್ದದ್ದು ಒಂದು ಮಡಚು ಸೀಟಿನ ಮೇಲೆ. ಹನ್ನೊಂದು ವರ್ಷದ ಹಿಂದೆ ಕಂಪನಿ ತನ್ನ ರಿಪೇರಿ ಶೆಡ್ಡನ್ನು ಬೇರೆ ಊರಿಗೆ ಸಾಗಿಸಿತು. ಬಸ್ಸಿನಲ್ಲಿ ಹೋದರೆ ಹತ್ತೊಂಬತ್ತು ಗಂಟೆ, ವಿಮಾನದಲ್ಲಿ ಎಪ್ಪತ್ತು ನಿಮಿಷ. ವಾರವಾರ ಟಿಕೆಟ್ ಕೊಳ್ಳುವುದು ಮೆಕ್ಯಾನಿಕ್ಕಿನ ಸಂಬಳಕ್ಕೆ ಮೀರಿದ ಮಾತು. ಆದರೆ ವಿಮಾನದ ಹಿಂಬಾಗಿಲ ಪಕ್ಕದಲ್ಲಿ, ಶೌಚಾಲಯದ ಗೋಡೆಗೆ ಅಂಟಿಕೊಂಡಂತೆ, ಸಿಬ್ಬಂದಿಗೆಂದು ಮಾಡಿದ ಒಂದು ಹೆಚ್ಚುವರಿ ಸೀಟು ಇರುತ್ತದೆ. ಕೂರುವವನು ಕೈಯಿಂದ ಎಳೆದು ಬಿಡಿಸಬೇಕು. ಎದ್ದರೆ ಫಟ್ಟನೆ ತಾನೇ ಮಡಚಿಕೊಳ್ಳುತ್ತದೆ. ಅಂದು ಅಲ್ಲಿ ಕೂರಬೇಕಾದ ಸಿಬ್ಬಂದಿ ಇಲ್ಲದಿದ್ದರೆ ಕಂಪನಿಯ ನೌಕರನೊಬ್ಬ ಪುಕ್ಕಟೆ ಕೂರಬಹುದು.

ಈ ಪುಕ್ಕಟೆ ಎಂಬ ಒಂದು ಪದಕ್ಕೆ ಕಂಪನಿ ಹದಿನಾಲ್ಕು ಪುಟದ ನಿಯಮ ಬರೆದಿತ್ತು. ಟೈ ಕಟ್ಟಿರಬೇಕು, ಚಪ್ಪಲಿ ಕೂಡದು. ತಿನ್ನಬಾರದು, ತೂಕಡಿಸಬಾರದು, ಪ್ರಯಾಣಿಕರ ಕಣ್ಣಿಗೆ ಕಣ್ಣು ಕೊಟ್ಟು ಮುಖ ಸಿಂಡರಿಸಬಾರದು. ತನಗಿಂತ ಒಂದೇ ಒಂದು ದಿನ ಮೊದಲು ಕೆಲಸಕ್ಕೆ ಸೇರಿದವನು ಬಂದರೂ ಕಟ್ಟಿಕೊಂಡ ಬೆಲ್ಟು ಬಿಚ್ಚಿ ಎದ್ದು ಕೊಡಬೇಕು. ಇದೆಲ್ಲಕ್ಕೂ ಕಳಶವಿಟ್ಟಂತೆ, ವಿಮಾನ ಹೊರಡುವ ಮುಂಚೆ ಕಾಕ್‌ಪಿಟ್ಟಿನ ಬಾಗಿಲಿಗೆ ತಾನೇ ಹೋಗಿ, ಕ್ಯಾಪ್ಟನ್ ತಲೆ ಎತ್ತುವವರೆಗೆ ಕೈಕಟ್ಟಿ ನಿಂತು, "ಸಾರ್, ನಿಮ್ಮ ವಿಮಾನದಲ್ಲಿ ನಾನೂ ಬರಬಹುದಾ?" ಎಂದು ಕೇಳಬೇಕು. ಬೇಡ ಎಂದರೆ ಬೇಡ. ಯಾಕೆ ಎಂದು ಕೇಳುವಂತಿಲ್ಲ. ನಿನ್ನೆ ಮೊನ್ನೆ ಮೀಸೆ ಚಿಗುರಿದ ಕ್ಯಾಪ್ಟನ್ನುಗಳ ಮುಂದೆ ಮೆಕ್ಯಾನಿಕ್ ಹನ್ನೊಂದು ವರ್ಷ, ವಾರಕ್ಕೆರಡು ಸಲ, ಹೀಗೆ ಸೊಂಟ ಬಗ್ಗಿಸಿದ. ಬಗ್ಗಿದ ಸೊಂಟವನ್ನು ಎಲ್ಲಾದರೂ ನೆಟ್ಟಗೆ ಮಾಡಿಕೊಳ್ಳಬೇಕಲ್ಲ? ಅದಕ್ಕೆ ಮನೆ ಇತ್ತು.

ಮನೆಯೊಳಗೆ ಕಾಲಿಟ್ಟ ಕೂಡಲೇ ಅವನು ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸಿ ಧೂಳು ಪರೀಕ್ಷಿಸುತ್ತಿದ್ದ. ಚಪ್ಪಲಿಗಳು ವಿಮಾನಗಳ ಹಾಗೆ ಒಂದೇ ದಿಕ್ಕಿಗೆ ಮೂತಿ ಮಾಡಿ ನಿಂತಿರಬೇಕು. ಲೋಟದ ಹಿಡಿ ಬಲಕ್ಕಿರಬೇಕು. ಮಾತು ಮುಗಿಯುವ ಮುಂಚೆ ಉತ್ತರ ಬರಬಾರದು, ಮುಗಿದ ಮೇಲೆ ತಡವಾಗಬಾರದು. ಎಲ್ಲಿಯಾದರೂ ಒಂದು ನೂಲಿನ ಎಳೆ ಕಂಡರಂತೂ ಮುಗಿಯಿತು.

"ಇದೇನು ಮನೆಯಾ, ದರ್ಜಿ ಅಂಗಡಿಯಾ?" ಎಂದು ಗೋಡೆ ಬಿರಿಯುವಂತೆ ಕೂಗುತ್ತಿದ್ದ.

ಎರಡನೆಯದೇ ಸತ್ಯ ಎಂದು ಹೇಳುವ ಧೈರ್ಯ ಯಾರೂ ಮಾಡುತ್ತಿರಲಿಲ್ಲ. ಹೆಂಡತಿಗೆ ಒಂದು ಯಂತ್ರವಿದೆ, ಹೊತ್ತು ಹೋಗಲಿ ಎಂದು ಏನೋ ಹೊಲಿದುಕೊಳ್ಳುತ್ತಾಳೆ ಎಂದಷ್ಟೇ ಅವನ ತಿಳಿವಳಿಕೆ. ಒಮ್ಮೆ, ಆರು ವರ್ಷದ ಹಿಂದೆ, ಅವನು ಹದಿನೈದು ದಿನ ರಜೆ ಹಾಕಿ ಮನೆಯಲ್ಲಿ ಕೂತಿದ್ದ. ಆಸ್ಪತ್ರೆಯವನು ಅಳತೆ ತಂದಾಗ ಬಾಗಿಲಲ್ಲೇ ತಡೆದು, "ನಮ್ಮನೆ ಹೆಂಗಸರು ಕೂಲಿ ಹೊಲಿಯಲ್ಲ" ಎಂದು ಅಟ್ಟಿದ. ಆ ಆಸ್ಪತ್ರೆಯನ್ನು ಮರಳಿ ಗೆಲ್ಲಲು ಟೈಲರಮ್ಮನಿಗೆ ಒಂದೂಕಾಲು ವರ್ಷ ಹಿಡಿಯಿತು. ಹದಿನೈದು ದಿನಕ್ಕೆ ಒಂದು ಪ್ರಾಂತ್ಯ ಹೋದರೆ, ಮುನ್ನೂರ ಅರವತ್ತೈದು ದಿನಕ್ಕೆ ಏನುಳಿದೀತು? ಆ ಲೆಕ್ಕ ಅವಳಿಗೆ ಬರುತ್ತಿತ್ತು.

ಆದ್ದರಿಂದ ಪ್ರತಿ ಶುಕ್ರವಾರ ಮೂರು ಗಂಟೆಗೆ ಸೈನ್ಯದ ಮಹಾ ಹಿಂತೆಗೆತ. ಮೂರು ಯಂತ್ರಗಳನ್ನು ಚಕ್ರದ ಮೇಲೆ ಉರುಳಿಸಿ ಅತ್ತೆಯ ಕೋಣೆಗೆ ತಳ್ಳುತ್ತಿದ್ದರು. ಅಲ್ಲಿಗೆ ಮೆಕ್ಯಾನಿಕ್ ಕಾಲಿಡುತ್ತಿರಲಿಲ್ಲ; ತಾಯಿಯ ಕ್ಷೇಮವನ್ನು ಬಾಗಿಲ ಹೊರಗಿಂದಲೇ "ಹುಷಾರಾ?" ಎಂದು ವಿಚಾರಿಸಿಕೊಂಡು ಹೋಗುವುದು ಅವನ ಪದ್ಧತಿ. ಮುದುಕಿ ಶನಿವಾರ ಭಾನುವಾರ ಯಂತ್ರಗಳ ನಡುವೆ ಅಡ್ಡಡ್ಡ ನಡೆದು ಮಂಚ ಸೇರುತ್ತಿದ್ದಳು. ನಾಲ್ಕನೆಯ ಯಂತ್ರ ಕಸೂತಿ ಬಟ್ಟೆ ಹೊದ್ದು, ತಲೆಯ ಮೇಲೆ ಹೂದಾನಿ ಹೊತ್ತು, ಮೂಲೆಯಲ್ಲಿ ಸಭ್ಯವಾಗಿ ನಿಲ್ಲುತ್ತಿತ್ತು. ಕಾಜಾ ಒಂದು ದೊಡ್ಡ ಅಯಸ್ಕಾಂತಕ್ಕೆ ದಾರ ಕಟ್ಟಿ, ನಾಯಿಮರಿಯನ್ನು ಸುತ್ತಾಡಿಸುವಂತೆ ನೆಲವೆಲ್ಲ ಎಳೆದು ಪಿನ್ನು ಹೆಕ್ಕುತ್ತಿದ್ದಳು.

ಕೆಲವು ಶುಕ್ರವಾರ ಐದು ಗಂಟೆಗೆ ಫೋನು ಬರುತ್ತಿತ್ತು. "ಸಿಗಲಿಲ್ಲ" ಎಂಬ ಒಂದೇ ಮಾತು. ಆಗ ಮುದುಕಿ ಫೋನು ಹಿಡಿದು, "ಅಯ್ಯೋ ಮಗನೇ, ಎಷ್ಟು ಕಾಯ್ತಾ ಇದ್ವೋ!" ಎಂದು ಗದ್ಗದಿಸುತ್ತ, ಇನ್ನೊಂದು ಕೈಯಿಂದ ಯಂತ್ರ ಆಚೆ ತರುವಂತೆ ಸನ್ನೆ ಮಾಡುತ್ತಿದ್ದಳು. ಅಂಥ ವಾರಗಳಲ್ಲಿ ಅವರು ಮಾಣಿಗಳ ಜಾಕೀಟಿನ ಬಾಕಿಯನ್ನೆಲ್ಲ ತೀರಿಸಿಬಿಡುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಊಟಕ್ಕೆ ಕೂತ ಮೆಕ್ಯಾನಿಕ್ ಗಂಭೀರವಾಗಿ ಒಂದು ಸುತ್ತೋಲೆ ತೆಗೆದ.

"ಹೊಸ ರೂಲು," ಎಂದ. "ಇನ್ಮೇಲೆ ಆ ಸೀಟಲ್ಲಿ ಕೂರೋನಿಗೆ ಆ ಸೀಟಿನ ಕೆಲಸವೂ ಬರ್ಬೇಕಂತೆ. ಬೆಂಕಿ ಬಿದ್ರೆ ಬಾಗಿಲು ತೆಗೀಬೇಕು, ಜನರನ್ನ ಇಳಿಸ್ಬೇಕು, ಜಾರುಬಂಡೆ ಮೇಲೆ ಹಾರ್ಬೇಕು. ಎಲ್ಲ ತೊಂಬತ್ತು ಸೆಕೆಂಡಲ್ಲಿ. ನಾಲ್ಕು ವಾರ ಬಿಟ್ಟು ಪರೀಕ್ಷೆ."

"ಫೇಲಾದ್ರೆ?" ಟೈಲರಮ್ಮ ಕೇಳಿದಳು.

"ಫೇಲಾದ್ರೆ ಸೀಟಿಲ್ಲ. ಆದ್ರೆ ಕಂಪನಿ ಕೈಬಿಡಲ್ಲ. ಈ ಊರಿನ ಏರ್‌ಪೋರ್ಟಲ್ಲೇ, ಕಳೆದುಹೋದ ಸಾಮಾನಿನ ಕೌಂಟರಲ್ಲಿ ಕೆಲಸ ಕೊಡ್ತಾರೆ. ಕೇಳ್ಕೊಂಡೋರಿಗೂ ಕೊಡ್ತಾರೆ." ಅವನು ಕುರ್ಚಿಗೆ ಒರಗಿದ. "ಈ ವಯಸ್ಸಲ್ಲಿ ಹಾರೋದು ಯಾರು? ಫೇಲಾದ್ರೆ ಇನ್ನೂ ಒಳ್ಳೇದೇ. ದಿನಾ ಐದಕ್ಕೆ ಮನೇಲಿರ್ತೀನಿ."

ಮುದುಕಿಯ ಕೈಯಲ್ಲಿದ್ದ ತುತ್ತು ಬಾಯಿಯ ದಾರಿ ಮರೆತು ನಿಂತಿತು.

ಸೋಮವಾರ ಬೆಳಗ್ಗೆ ಯುದ್ಧಸಭೆ ಸೇರಿತು. "ಅವನು ಫೇಲಾಗ್ತಾನೆ," ಎಂದಳು ಮುದುಕಿ, ತಾಯಿಯ ಖಚಿತತೆಯಿಂದ. "ಏಳನೇ ಕ್ಲಾಸಲ್ಲಿ ಹಗ್ಗದಾಟದಲ್ಲೇ ಫೇಲಾದೋನು."

"ಪಾಸ್ ಮಾಡಿಸ್ಬೇಕು," ಎಂದಳು ಟೈಲರಮ್ಮ.

"ಹೇಗಮ್ಮಾ?" ಕಾಜಾ ಕೇಳಿದಳು. "ಅವರ ಹೊಟ್ಟೆ ಮೊದಲು ಬಾಗಿಲು ದಾಟಿ ಆಮೇಲೆ ಅವರು ದಾಟ್ಬೇಕು."

"ಹೊಟ್ಟೆಗೆ ತಕ್ಕಂತೆ ಹೊಲಿಯೋದು ನಮ್ಮ ಕಸುಬು ಕಣೇ," ಎಂದು ಟೈಲರಮ್ಮ ಬಾಯಿಂದ ಪಿನ್ನು ತೆಗೆದಿಟ್ಟಳು. ಅವಳು ಪಿನ್ನು ತೆಗೆದಿಟ್ಟು ಮಾತಾಡಿದರೆ ವಿಷಯ ಸಣ್ಣದಲ್ಲ ಎಂದು ಸೈನ್ಯಕ್ಕೆ ಗೊತ್ತಿತ್ತು.

ಮುಂದಿನ ಶನಿವಾರ ಮೆಕ್ಯಾನಿಕ್ ಎದ್ದು ಬರುವ ಹೊತ್ತಿಗೆ ಮುಂಗೋಣೆ ವಿಮಾನವಾಗಿತ್ತು. ಎರಡು ಸಾಲು ಕುರ್ಚಿ, ನಡುವೆ ಓಣಿ. ಬೀರುವಿನ ಬಾಗಿಲೇ ಹಿಂಬಾಗಿಲು. ಅದಕ್ಕೆ ಬಳಪದಲ್ಲಿ ಬರೆದ ದುಂಡು ಕಿಟಕಿ. ಅಟ್ಟದ ಏಣಿಗೆ ಹಲಗೆ ಕಟ್ಟಿ, ಹನ್ನೆರಡು ಮೀಟರ್ ಸ್ಯಾಟಿನ್ ಹೊದಿಸಿ, ಕೆಳಗೆ ಹಾಸಿಗೆ ಹಾಕಿ ಜಾರುಬಂಡೆ ಮಾಡಿದ್ದರು. ಮುದುಕಿ ಅಡುಗೆಮನೆಯ ಗಡಿಯಾರ ಹಿಡಿದು ಮೊದಲ ಸಾಲಿನ ಪ್ರಯಾಣಿಕಳಾಗಿ ಕೂತಿದ್ದಳು. ಕಾಜಾ "ಪಕ್ಕದ ಬೀದಿಯ ಪರಿಚಯದವಳು" ಎಂಬ ಬಿರುದಿನಲ್ಲಿ ಬಂದು, ಗಾಬರಿಗೊಂಡ ಪ್ರಯಾಣಿಕಳಾಗಿ ಕಿರುಚುವ ಪಾತ್ರ ವಹಿಸಿಕೊಂಡಿದ್ದಳು.

ಹೆಂಡತಿಗೆ ತನ್ನ ಸೀಟಿನ ಮೇಲೆ ಇಷ್ಟು ಅಕ್ಕರೆಯೇ ಎಂದು ಮೆಕ್ಯಾನಿಕ್ ಬೆರಗಾದ. ಗಂಡಸಿಗೆ ತನ್ನ ಬಗ್ಗೆ ಒಳ್ಳೆಯದನ್ನು ನಂಬಲು ಸಾಕ್ಷಿ ಬೇಕಾಗುವುದಿಲ್ಲ, ಸೂಚನೆ ಸಾಕು.

ನಿಯಮ ಸರಳವಾಗಿತ್ತು. ಮೊದಲು ಕಿಟಕಿಯಲ್ಲಿ ಇಣುಕಿ ಹೊರಗೆ ಬೆಂಕಿಯಿದೆಯೇ ನೋಡಬೇಕು. ಆಮೇಲೆ ಬಾಗಿಲು ತೆಗೆಯಬೇಕು. ಆಮೇಲೆ ಆರು ಆಜ್ಞೆ: ಬೆಲ್ಟ್ ಬಿಚ್ಚಿ, ಏಳಿ, ಚೀಲ ಬಿಡಿ, ಈ ಕಡೆ ಬನ್ನಿ, ಹಾರಿ, ದೂರ ಓಡಿ. ಮೆಕ್ಯಾನಿಕ್ ಪ್ರತಿ ಸಲವೂ ಕಿಟಕಿ ಮರೆತು ನೇರವಾಗಿ ಬಾಗಿಲು ತೆಗೆಯುತ್ತಿದ್ದ.

"ಸುಟ್ಟೆ," ಎನ್ನುತ್ತಿದ್ದಳು ಮುದುಕಿ ಕೂತಲ್ಲಿಂದಲೇ. "ಹೆತ್ತ ತಾಯೀನ ಬೆಳಗ್ಗಿಂದ ಒಂಬತ್ತು ಸಲ ಸುಟ್ಟೆಯಲ್ಲೋ. ಒಂದ್ಸಲ ಸುಡೋಕೇ ಜನ ಹಿಂದೆಮುಂದೆ ನೋಡ್ತಾರೆ."

ಹಾರುವಾಗ ಪ್ಯಾಂಟು ಬಿರಿಯಿತು. ಟೈಲರಮ್ಮ ಅಲ್ಲೇ ಕಾಲುಗಳ ನಡುವಿನ ಹೊಲಿಗೆ ಬಿಚ್ಚಿ ವಜ್ರಾಕಾರದ ತುಂಡು ಕೂರಿಸಿದಳು. ಇನ್ನು ಅವನು ಸರ್ಕಸ್ಸಿಗೆ ಸೇರಿದರೂ ಆ ಪ್ಯಾಂಟು ತಡೆಯುತ್ತಿತ್ತು. ಮಂಡಿಗೆ ಹತ್ತಿಯ ಮೆತ್ತೆ ಹೊಲಿದಳು. ಎರಡನೆಯ ವಾರ ಕಿಟಕಿ ನೆನಪಾಗತೊಡಗಿತು, ಬೀರುವಿನ ಬಾಗಿಲು ಒಂದು ಕೀಲು ಕಳೆದುಕೊಂಡಿತು, ಸ್ಯಾಟಿನ್ ಹರಿದು ಚಿಂದಿಯಾಯಿತು. ಆದರೆ ಮೂರನೆಯ ವಾರಕ್ಕೆ ಬಂದರೂ ಒಂದು ಮಾತ್ರ ಬಗೆಹರಿಯಲಿಲ್ಲ. ಅದು ಧ್ವನಿ.

ವಿಮಾನದೊಳಗೆ ಹನ್ನೊಂದು ವರ್ಷ ಬೇಡಿಯೇ ಅಭ್ಯಾಸವಾದ ಗಂಟಲು, ವಿಮಾನದಂತೆ ಕಾಣುವ ಕುರ್ಚಿಸಾಲು ಕಂಡೊಡನೆ ಬಾಲ ಮಡಚಿಕೊಳ್ಳುತ್ತಿತ್ತು.

"ಸ್ವಲ್ಪ... ಚೀಲ ಬಿಡ್ತೀರಾ ಮೇಡಂ? ಈ ಕಡೆ ಬರಬಹುದಾ?" ಎನ್ನುತ್ತಿದ್ದ ಅವನು.

"ಬರಲ್ಲ!" ಎನ್ನುತ್ತಿದ್ದಳು ಕಾಜಾ, ಪಾತ್ರದೊಳಗಿಂದ.

"ಹಾಗಾದ್ರೆ ಸರಿ..." ಎಂದು ಅವನು ಪಕ್ಕಕ್ಕೆ ಸರಿಯುತ್ತಿದ್ದ.

"ಎಲ್ಲರೂ ಬೆಂದ್ರು," ಎಂದು ಮುದುಕಿ ಗಡಿಯಾರ ನಿಲ್ಲಿಸುತ್ತಿದ್ದಳು. ಮನೆಯಲ್ಲಿ ಒಂದು ಲೋಟ ತಿರುಗಿ ಕೂತರೆ ಆಕಾಶ ಬೀಳಿಸುವವನು ಆಕಾಶವೇ ಬಿದ್ದಾಗ ಪಿಸುಗುಡುತ್ತಿದ್ದ.

ಟೈಲರಮ್ಮ ಒಂದು ರಾತ್ರಿಯೆಲ್ಲ ಯೋಚಿಸಿದಳು. ಮರುದಿನ ಬೆಳಗ್ಗೆ ಅಭ್ಯಾಸಕ್ಕೆ ಮುಂಚೆ ಅವನಿಗೆ ಕಾಫಿ ಕೊಟ್ಟಳು. ಮೊದಲ ಗುಟುಕಿಗೇ ಅವನು ನಾಲಿಗೆಯಿಂದ ನೀಲಿ ನೂಲೊಂದನ್ನು ಎಳೆದ. ನೂಲು ಬಂತು, ಇನ್ನೂ ಬಂತು, ಒಂದು ಗೇಣು ಬಂತು. ಮೆಕ್ಯಾನಿಕ್ಕಿನ ಮುಖ ಕೆಂಪಾಗಿ, ಕುತ್ತಿಗೆ ಉಬ್ಬಿ, ಬಾಯಿ ತೆರೆಯಿತು.

"ಈಗ ಹೇಳಿ! ಚೀಲ ಬಿಡಿ ಅನ್ನಿ!" ಎಂದು ಟೈಲರಮ್ಮ ಕೂಗಿದಳು.

"ಚೀಲ ಬಿಡ್ರೀ!" ಎಂದು ಅವನು ಗರ್ಜಿಸಿದ. ಕಿಟಕಿಯ ಗಾಜು ನಡುಗಿತು. ಕಾಜಾ ನಿಜವಾಗಿಯೂ ಚೀಲ ಎಸೆದು, ನಿಜವಾಗಿಯೂ ಹಲಗೆಯ ಮೇಲೆ ಹಾರಿ, ನಿಜವಾಗಿಯೂ ಬಾಗಿಲಾಚೆ ಬೀದಿಯವರೆಗೆ ಓಡಿದಳು. ಮುದುಕಿ ಗಡಿಯಾರ ನೋಡಿ, "ಎಂಬತ್ತೆರಡು. ನಾನು ಮೊದಲನೇ ಸಲ ಬದುಕಿದೆ," ಎಂದಳು.

ಅಲ್ಲಿಂದ ಪ್ರತಿ ಸುತ್ತಿಗೂ ಮುಂಚೆ ಒಂದು ಉಪಚಾರ. ಒಮ್ಮೆ ಕಾಲರಿನೊಳಗೆ ಚಿಂದಿ, ಒಮ್ಮೆ ದಿಂಬಿನಲ್ಲಿ ಗುಂಡಿ, ಒಮ್ಮೆ ಬೂಟಿನಲ್ಲಿ ಪಿನ್ನು. ಪಿನ್ನಿನ ವಿಷಯದಲ್ಲಿ ಟೈಲರಮ್ಮ ಅಗತ್ಯಕ್ಕಿಂತ ತುಸು ಉದಾರಿಯಾಗಿದ್ದಳೆಂದು ಕಾಜಾ ಹೇಳುತ್ತಾಳೆ. ಇರಬಹುದು. ಹನ್ನೊಂದು ವರ್ಷದ ಶನಿವಾರಗಳಿಗೆ ಒಂದೆರಡು ಪಿನ್ನು ದುಬಾರಿಯಲ್ಲ.

ಪರೀಕ್ಷೆ ಬುಧವಾರ. ಆ ದಿನ ಬೂಟು ಹಾಕಿಕೊಳ್ಳುವ ಮುಂಚೆ ತೆರೆಯಬೇಕೆಂದು ಟೈಲರಮ್ಮ ಅವನ ಚೀಲದಲ್ಲಿ ಒಂದು ಪೊಟ್ಟಣ ಇಟ್ಟಿದ್ದಳು. ಅದರೊಳಗೆ ಅವನ ಒಳ್ಳೆಯ ಟೈ ಇತ್ತು. ಟೈಗೆ ಉದ್ದಕ್ಕೂ ಕೆಂಪು ನೂಲಿನ ತುಣುಕುಗಳನ್ನು ಅಂಟಿಸಿದ್ದಳು. ಮಧ್ಯಾಹ್ನ ಎರಡಕ್ಕೆ ಫೋನು ಬಂತು. ಯಂತ್ರಗಳು ನಿಂತವು.

"ಎಪ್ಪತ್ತೆಂಟು ಸೆಕೆಂಡು!" ಎಂದಿತು ಫೋನು. "ಇಷ್ಟು ಚೆನ್ನಾಗಿ ಕೂಗೋರನ್ನ ನೋಡೇ ಇಲ್ಲ ಅಂತ ಪರೀಕ್ಷಕಿ ಬರೆದುಕೊಟ್ಲು!"

ಸಾಮ್ರಾಜ್ಯದಲ್ಲಿ ಅಂದು ಅರ್ಧ ದಿನ ರಜೆ. ಮುದುಕಿ ಎರಡು ಬಟ್ಟಲು ಐಸ್‌ಕ್ರೀಮ್ ತಿಂದು, "ನನ್ನ ಮಗ ಒಂದಾದ್ರೂ ಪರೀಕ್ಷೆ ಪಾಸಾಗೋದನ್ನ ನೋಡಿ ಸಾಯ್ಬೇಕು ಅಂತಿತ್ತು," ಎಂದಳು.

ಶುಕ್ರವಾರ ಏಳು ಇಪ್ಪತ್ತಕ್ಕೆ ಕರೆಗಂಟೆ ಮೊಳಗಿತು. ಪ್ರಮಾಣಪತ್ರ ನೋಡುವ ನೆಪದಲ್ಲಿ ಕಾಜಾ ಕೂಡ ಉಳಿದಿದ್ದಳು. ಮೆಕ್ಯಾನಿಕ್ ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸಲಿಲ್ಲ. ಸೋಫಾದ ಮೇಲೆ ಕೂತು, ಒಂದು ಸಲ ಎಲ್ಲರ ಮುಖ ನೋಡಿ, ಗಂಟಲು ಸರಿಮಾಡಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತು.

"ನಾನು ಪಾಸಾದೆ. ಆದ್ರೆ ಆ ಸೀಟು ನನಗಿನ್ನು ಬೇಡ," ಎಂದ.

ಕಾಜಾ ಟೈಲರಮ್ಮನ ಮುಖ ನೋಡಿದಳು.

"ಜಾರುಬಂಡೆ ಮೇಲಿಂದ ಕೆಳಗೆ ಬಂದು ಬಿದ್ದಾಗ ಅನ್ನಿಸ್ತು. ಈ ವಯಸ್ಸಲ್ಲಿ ಅಮ್ಮ ನನಗೋಸ್ಕರ ನಾಲ್ಕು ವಾರ ಗಡಿಯಾರ ಹಿಡ್ಕೊಂಡು ಕೂತ್ಲು. ನೀನು ಅಷ್ಟು ಒಳ್ಳೇ ಬಟ್ಟೆ ಹಾಳು ಮಾಡ್ಕೊಂಡೆ. ಯಾವ ಸಂಬಂಧವೂ ಇಲ್ಲದ ಈಯಮ್ಮ ಬಂದು ಗಂಟಲು ಹರ್ಕೊಂಡ್ಲು. ನನ್ನ ಮೇಲೆ ಇಷ್ಟು ಪ್ರೀತಿ ಇಟ್ಕೊಂಡಿರೋ ಮನೆ ಬಿಟ್ಟು, ನಾನ್ಯಾಕೆ ಶೌಚಾಲಯದ ಪಕ್ಕ ಕೂತು ಓಡಾಡ್ಬೇಕು? ನಿನ್ನೆ ಅರ್ಜಿ ಕೊಟ್ಟೆ. ಒಂದನೇ ತಾರೀಖಿಂದ ಇಲ್ಲೇ ಕೌಂಟರು. ದಿನಾ ಐದಕ್ಕೆ ಮನೇಲಿ."

ಟೈಲರಮ್ಮನ ಕಣ್ಣಮುಂದೆ ಮೂರು ಶಾಲೆ, ಒಂದು ಆಸ್ಪತ್ರೆ, ಒಂದು ಹೋಟೆಲು ಸಾಲಾಗಿ ಬಾಗಿಲು ದಾಟಿ ಹೋದವು. ಹೇಳಬೇಕಾದ ಮಾತನ್ನು ಮುದುಕಿಯೇ ಹೇಳಿದಳು. ಹೆತ್ತವಳಿಗೆ ಇರುವ ಅಧಿಕಾರ ಕಟ್ಟಿಕೊಂಡವಳಿಗೆ ಎಲ್ಲಿ?

"ಲೋ," ಎಂದಳು ಮೃದುವಾಗಿ. "ನಾವು ಕಲಿಸಿದ್ದು ನೀನು ಹೋಗ್ಲಿ ಅಂತ ಕಣೋ. ಬಂದು ಕೂತ್ಕೊಳ್ಲಿ ಅಂತ ಅಲ್ಲ."

ಮೆಕ್ಯಾನಿಕ್ ನಕ್ಕ. ಯಾರೂ ಜೊತೆಗೂಡದ್ದರಿಂದ ನಗೆ ಸ್ವಲ್ಪ ದೂರ ಒಬ್ಬಂಟಿಯಾಗಿ ನಡೆದು ನಿಂತಿತು. ಅವನು ಹೆಂಡತಿಯ ಕಡೆ ತಿರುಗಿದ.

"ಅಮ್ಮ ತಮಾಷೆ ಮಾಡ್ತಿದ್ದಾಳೆ, ಅಲ್ವಾ?"

"ಇಲ್ಲಾರೀ," ಎಂದಳು ಟೈಲರಮ್ಮ. "ನೀವಿಲ್ಲದಾಗ ಇಲ್ಲಿ ನಾಲ್ಕು ಯಂತ್ರ ಓಡುತ್ತೆ. ಸೋಮವಾರ ನಲವತ್ತೆರಡು ಸ್ಕರ್ಟು ಕೊಡ್ಬೇಕು. ನೀವು ದಿನಾ ಐದಕ್ಕೆ ಬಂದ್ರೆ ಆಗಲ್ಲ."

"ಸುಳ್ಳು."

"ಕಾಜಾ, ಅತ್ತೆ ಕೋಣೆ ಬಾಗಿಲು ತೆಗಿ."

ಕಾಜಾ ತೆಗೆದಳು. ಮೊದಲ ಯಂತ್ರ ಉರುಳಿ ಬಂತು, ಎರಡನೆಯದು ಬಂತು. ಮೂರನೆಯದು ಸೋಫಾದ ಮುಂದೆ ಬಂದು ತಡೆಯಿತು. ದಾರಿಯಲ್ಲಿ ಅವನ ಕಾಲುಗಳಿದ್ದವು.

"ಕಾಲು," ಎಂದಳು ಕಾಜಾ.

ಮೆಕ್ಯಾನಿಕ್ ಎರಡೂ ಕಾಲನ್ನು ನೆಲದಿಂದ ಮೇಲಕ್ಕೆತ್ತಿದ. ಯಂತ್ರ ದಾಟಿ ಹೋಯಿತು. ಅದು ಹೋದ ಮೇಲೂ ಅವನು ಕಾಲುಗಳನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದ, ಎಲ್ಲಿ ಇಳಿಸುವುದೆಂದು ತಿಳಿಯದವನಂತೆ. ಕೂಗುತ್ತಾನೇನೋ ಎಂದು ಮೂವರೂ ಕಾದರು. ಅವನು ಕೂಗಲಿಲ್ಲ. ಕಾಕ್‌ಪಿಟ್ಟಿನ ಬಾಗಿಲಲ್ಲಿ ನಿಂತವನ ಧ್ವನಿಯಲ್ಲಿ, "ಅರ್ಜಿ ವಾಪಸ್ ತಗೋಬಹುದು," ಎಂದ. "ಸೋಮವಾರ ಹತ್ತು ಗಂಟೆವರೆಗೆ ಟೈಮಿದೆ."

"ಹತ್ತು ಯಾಕೆ? ಒಂಬತ್ತಕ್ಕೇ ಹೋಗು. ಆಫೀಸಲ್ಲಿ ಸಾಲು ಇರುತ್ತೆ," ಎಂದಳು ಮುದುಕಿ.

ಅವನು ತಲೆಯಾಡಿಸಿದ. ಟೈಲರಮ್ಮ ದೀಪದ ಕೆಳಗೆ ಯಂತ್ರ ಸರಿಪಡಿಸಿ ಕೂತು, ಮೊದಲ ಸ್ಕರ್ಟಿನ ನೆರಿಗೆ ಮಡಿಸಿ ಸೂಜಿಯ ಕೆಳಗಿಟ್ಟಳು. ಚಕ್ರ ತಿರುಗುವ ಮುಂಚೆ ಅವನು ಇನ್ನೊಂದು ಮಾತು ಕೇಳಿದ.

"ಯಾವತ್ತಿಂದ?"

"ಏನು ಯಾವತ್ತಿಂದ?"

"ನಾನು ಬರೋದು ಬೇಡ ಅಂತ ಅನ್ನಿಸಿದ್ದು."

ಅವಳು ಒಂದು ಕ್ಷಣ ಕೈ ತಡೆದಳು. ಹೇಳಲು ಬೇಕಾದಷ್ಟು ಹಿತವಾದ ಸುಳ್ಳುಗಳಿದ್ದವು. ಆದರೆ ಅಳತೆ ಕೇಳಿದವರಿಗೆ ಅರ್ಧ ಇಂಚು ಹೆಚ್ಚುಕಡಿಮೆ ಹೇಳಿ ಗೊತ್ತಿಲ್ಲದ ಹೆಂಗಸು ಅವಳು.

"ನೀವು ಆ ಊರಿಗೆ ಹೋದ ಎರಡನೇ ವಾರದಿಂದ," ಎಂದಳು. "ಮೊದಲನೇ ವಾರ ಸ್ವಲ್ಪ ಬೇಜಾರಾಗಿತ್ತು."